ಹನ್ನೆರಡು ಸುತ್ತು ಬಿಳಿ ಟೇಪು

"ಈ ಶನಿವಾರ ಮುಗಿಯೋದ್ರೊಳಗೆ ಅಪ್ಪ-ಮಗಳ ಬಾಯಿ ಬಿಡಿಸ್ದೇ ಹೋದ್ರೆ ನಾನು ಸೋರದಪ್ಪನ ಹೆಂಡ್ತಿನೇ ಅಲ್ಲ!"

ಆಕೆ ಹೀಗೆ ಶಪಥ ತೊಟ್ಟದ್ದು ಅಡುಗೆಮನೆಯಲ್ಲಿ, ಕೈಯಲ್ಲಿ ಸೋಪಿನ ನೊರೆ ಹಿಡಿದುಕೊಂಡು. ಸಾಕ್ಷಿಗೆ ಇದ್ದದ್ದು ತೊಳೆದು ಬೋರಲು ಹಾಕಿದ ನಾಲ್ಕು ತಟ್ಟೆಗಳು.

ಸೋರದಪ್ಪ ಎಂಬುದು ಊರಿನವರು ಇಟ್ಟ ಹೆಸರು. ಮೂವತ್ತೆರಡು ವರ್ಷ ಕೊಳಾಯಿ ಕೆಲಸ ಮಾಡಿದ ಆಕೆಯ ಗಂಡ ಕೂಡಿಸಿದ ಪೈಪಿನಿಂದ ಒಂದು ಹನಿ ನೀರು ಜಿನುಗಿದ್ದನ್ನು ಕಂಡವರಿಲ್ಲ. ಆ ಕೀರ್ತಿಯಲ್ಲಿ ಸರಿ ಅರ್ಧ ತನ್ನದೆಂದು ಆಕೆಯ ದೃಢವಾದ ನಂಬಿಕೆ. ಯಾಕೆಂದರೆ ಅಷ್ಟೂ ವರ್ಷ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಪೈಪಿನ ಥ್ರೆಡ್ಡಿಗೆ ಬಿಳಿ ಟೇಪು ಸುತ್ತಿಕೊಟ್ಟವಳು ಆಕೆ. ಸುತ್ತು ಮುಗಿದ ಮೇಲೆ ಟೇಪಿನ ತುದಿಯನ್ನು ಉಗುರಿನಿಂದ ಒಳಕ್ಕೆ ಮಡಚಿ ಒತ್ತಿಬಿಟ್ಟರೆ ಮುಗಿಯಿತು, ಪ್ರಳಯವಾದರೂ ಅದು ಬಿಚ್ಚಿಕೊಳ್ಳುವಂತಿಲ್ಲ!

ಒಬ್ಬಳೇ ಮಗಳು. ತನ್ನ ನಂತರ ಪಾನಾ ಹಿಡಿಯುವವಳು ಇವಳೇ ಎಂದು ಸೋರದಪ್ಪ ನೆಚ್ಚಿಕೊಂಡಿದ್ದರು. ಅವಳು ಪಾನಾ ಹಿಡಿದದ್ದೇನೋ ನಿಜ, ಆದರೆ ಕಾರಿನ ಗ್ಯಾರೇಜಿನಲ್ಲಿ. ಸಾಲದ್ದಕ್ಕೆ ಎರಡೇ ಸೀಟಿನ ಒಂದು ಹಳೇ ಕೆಂಪು ಸ್ಪೋರ್ಟ್ಸ್ ಕಾರನ್ನು ತಂದು ಶೆಡ್ಡಿನಲ್ಲಿ ನಿಲ್ಲಿಸಿ, "ಇದನ್ನ ರೇಸಿಗೆ ಓಡಿಸ್ತೀನಿ" ಎಂದಳು. ಊಟಕ್ಕೆ ಬಂದ ನಾಲ್ಕು ಜನರ ಮುಂದೆ ಸೋರದಪ್ಪ, "ಒಂದು ನಲ್ಲಿಗೆ ನೆಟ್ಟಗೆ ವಾಷರ್ ಹಾಕೋಕೆ ಬರದ ಕೈ, ಸ್ಟೀರಿಂಗ್ ಹಿಡಿಯುತ್ತಂತೆ!" ಎಂದು ನಕ್ಕುಬಿಟ್ಟರು. ಮಗಳು ಚಮಚ ಕೆಳಗಿಟ್ಟು ಎದ್ದು ಹೋದಳು. ಅಂದಿಗೆ ಮಾತು ನಿಂತಿತು. ನಾಲ್ಕು ತಿಂಗಳಾಯಿತು.

"ಅಮ್ಮ, ಬಚ್ಚಲಲ್ಲಿ ಇನ್ನೂ ಎಷ್ಟು ಹೊತ್ತಾಗುತ್ತೆ ಅಂತ ಅವರನ್ನ ಕೇಳು."

"ಬಂದೆ ಅಂತ ಹೇಳೇ ಅವಳಿಗೆ."

ಊಟಕ್ಕೂ ಅದೇ ಪಾಡು, ಒಂದೇ ಮೇಜಿನ ಆಚೆಗೊಬ್ಬರು ಈಚೆಗೊಬ್ಬರು ಕೂತಿರುತ್ತಿದ್ದರು. ನಡುವೆ ನಿಂತು ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ಸಾಗಿಸಿ ಆಕೆಯ ಗಂಟಲು ಒಣಗಿಹೋಗಿತ್ತು. ಗಂಟಲು ಹಾಳಾಗಲಿ, ಮನೆಯೇ ಒಣಗಿಹೋಗಿತ್ತು.

ಆ ಶುಕ್ರವಾರ ಮಗಳು ಸಾರಿನ ಪಾತ್ರೆಯನ್ನೇ ನೋಡುತ್ತಾ, "ಅಮ್ಮ, ಭಾನುವಾರ ಎಂಟು ಗಂಟೆಗೆ ಗುಡ್ಡದ ಮೇಲೆ ರೇಸಿದೆ. ನಾಳೆ ನನಗೆ ದಿನವಿಡೀ ಗ್ಯಾರೇಜು. ಕಾರಿನ ಎಂಜಿನ್ನಿಗೆ ನಾಲ್ಕು ಹೊಸ ಸ್ಪಾರ್ಕ್ ಪ್ಲಗ್ಗು ಹಾಕಬೇಕು. ಅವರ ಕೈಲಾಗುತ್ತಾ ಕೇಳು" ಎಂದಳು.

ಸೋರದಪ್ಪ ತುತ್ತು ನುಂಗಿ, ನೀರು ಕುಡಿದು, "ಆಗುತ್ತೆ ಅಂತ ಹೇಳು" ಎಂದರು.

ಮಗಳು ಅಪ್ಪನಿಂದ ಏನಾದರೂ ಕೇಳಿದ್ದು ನಾಲ್ಕು ತಿಂಗಳಲ್ಲಿ ಅದೇ ಮೊದಲು. ತಟ್ಟೆಗಳ ಮುಂದೆ ಆಕೆ ಶಪಥ ತೊಟ್ಟದ್ದು ಆಮೇಲೆ.

ಶನಿವಾರ ಗಂಡ ಹೆಂಡತಿ ಇಬ್ಬರೂ ಬಿಡಿಭಾಗದ ಅಂಗಡಿಗೆ ಹೋದರು. ಮಗಳು ಬರೆದುಕೊಟ್ಟ ಚೀಟಿಯಲ್ಲಿ ಪ್ಲಗ್ಗಿನ ನಂಬರಿತ್ತು. ಅಂಗಡಿಯವನು ಪೆಟ್ಟಿಗೆ ತೆಗೆಯುತ್ತಾ, "ಇದು ತಣ್ಣನೆ ಪ್ಲಗ್ಗು. ಬಿಸಿದೂ ಇದೆ" ಎಂದ.

"ಓಟದ ಗಾಡಿ ಅಲ್ವೇನ್ರೀ, ಬಿಸಿದೇ ತಗೊಳ್ಳಿ!" ಎಂದಳು ಆಕೆ.

"ಇಲ್ಲಮ್ಮ. ಜೋರಾಗಿ ಓಡೋ ಎಂಜಿನ್ನು ತಾನೇ ಕೆಂಡ ಆಗಿರುತ್ತೆ. ಶಾಖ ಬೇಗ ಬಿಟ್ಟುಕೊಡೋ ಪ್ಲಗ್ಗೇ ಬೇಕು ಅದಕ್ಕೆ. ಚೀಟಿ ಬರೆದವರು ಕೆಲಸ ಬಲ್ಲವರು."

ಸೋರದಪ್ಪನ ಮೀಸೆ ಅಲುಗಿತು. "ನನ್ನ ಮಗಳು ಬರೆದದ್ದು" ಎಂದರು.

ನನ್ನ ಮಗಳು! ಆಕೆ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಶಪಥ ಅರ್ಧ ಗೆದ್ದಂತಾಯಿತು.

ಮನೆಗೆ ಬಂದವರೇ ಸೋರದಪ್ಪ ಕನ್ನಡಕ ಏರಿಸಿ ಬಾನೆಟ್ ಎತ್ತಿದರು. ಜನ್ಮದಲ್ಲಿ ಯಾರ ಬುದ್ಧಿವಾದವನ್ನೂ ಕೇಳದ ಮನುಷ್ಯ ಚೀಟಿಯ ಒಂದೊಂದು ಸಾಲನ್ನೂ ಎರಡೆರಡು ಸಲ ಓದಿದರು. ಎಂಜಿನ್ನು ತಣ್ಣಗಿದೆಯೇ ಎಂದು ಮುಟ್ಟಿ ನೋಡಿದರು. ಒಂದು ವೈರು ತೆಗೆದು, ಗುಂಡಿಯ ಸುತ್ತಲಿನ ಧೂಳು ಊದಿ, ಹಳೇ ಪ್ಲಗ್ಗು ಬಿಚ್ಚಿ, ಹೊಸದರ ತುದಿಯ ಸಂದನ್ನು ತೆಳ್ಳನೆಯ ಉಕ್ಕಿನ ಪಟ್ಟಿಯಿಂದ ಅಳೆದು, ಬೆರಳಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಪಾನಾದಲ್ಲಿ ಬಿಗಿದರು. ವೈರು ಸಿಕ್ಕಿಸಿದ ಮೇಲೇ ಮುಂದಿನದು. ಬಿಗಿಯುವುದರ ಬಗ್ಗೆ ಚೀಟಿಯ ಕೊನೆಯ ಸಾಲು ಹೀಗಿತ್ತು: "ಪಾನಾದಲ್ಲಿ ಅರ್ಧ ಸುತ್ತು. ಅಷ್ಟೇ. ಅಮ್ಮ, ಅವರಿಗೆ ಹೇಳು: ಅಷ್ಟೇ."

ನಾಲ್ಕೂ ಮುಗಿಯುವ ಹೊತ್ತಿಗೆ ಪಕ್ಕದ ಮನೆಯಿಂದ ಕೂಗು ಬಂತು. "ಸೋರದಪ್ಪನೋರೇ, ನಮ್ಮ ಸಿಂಕು ಕಟ್ಕೊಂಡಿದೆ!"

"ಹತ್ತು ನಿಮಿಷ ಕಣೆ" ಎಂದು ಅವರು ಹೊರಟರು.

ಆಕೆ ಬಾನೆಟ್ಟಿನೊಳಗೆ ಇಣುಕಿದಳು. ಪ್ಲಗ್ಗುಗಳ ಬುಡದಲ್ಲಿ ಎಲ್ಲೂ ಬಿಳಿ ಅಂಚು ಕಾಣಲಿಲ್ಲ. ಟೇಪೇ ಇಲ್ಲ! ಬರೀ ಮೈಯಲ್ಲಿ ಕೂತಿವೆ ನಾಲ್ಕೂ! ಅದರ ಮೇಲೆ ಅರ್ಧ ಸುತ್ತಂತೆ! ಚಿಕ್ಕ ಹುಡುಗಿ ಬರೆಯಲು ಮರೆತಿದ್ದಾಳೆ, ಈ ಮನುಷ್ಯ ಮಗಳ ಮುಂದೆ ಒಳ್ಳೆಯವರಾಗಲು ಹೋಗಿ ಕಸುಬನ್ನೇ ಮರೆತಿದ್ದಾರೆ. ನಾಳೆ ಗುಡ್ಡದ ಮೇಲೆ ಪೆಟ್ರೋಲು ಸೋರಿದರೆ? ಬೆಂಕಿ ಹತ್ತಿದರೆ? ಮಾತಿಲ್ಲದ ಅಪ್ಪ-ಮಗಳು ಮಾತಿಲ್ಲದೆಯೇ ಉಳಿದುಬಿಟ್ಟರೆ?

ಆಕೆ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

ಒಂದೊಂದೇ ಪ್ಲಗ್ಗು ಬಿಚ್ಚಿದಳು. ನೀರಿನ ಪೈಪಿಗೆ ಎಂಟು ಸುತ್ತು. ಇದು ಬೆಂಕಿಯ ವಿಷಯ, ಹನ್ನೆರಡಿರಲಿ ಎಂದು ಸುತ್ತಿದಳು. ಮತ್ತೆ ಕೂರಿಸಿ, ಪಾನಾದ ಹಿಡಿಗೆ ಎರಡಡಿ ಪೈಪು ತೊಡಿಸಿ, ಇಡೀ ಮೈಭಾರ ಬಿಟ್ಟು ಬಿಗಿದಳು. ನಾಲ್ಕನೆಯದು ಮೊದಲು ಕಿರುಗುಟ್ಟಿತು, ಆಮೇಲೆ ಇದ್ದಕ್ಕಿದ್ದಂತೆ ಹಗುರವಾಗಿ ತಿರುಗಿತು. ಈ ವಯಸ್ಸಿನಲ್ಲೂ ತೋಳಿಗೆ ಎಂಥ ಬಲ ಎಂದು ಆಕೆಗೇ ಹೆಮ್ಮೆಯಾಯಿತು!

ಸಂಜೆ ಮಗಳು ಬಂದು, ಅಪ್ಪ ಅಮ್ಮ ಇಬ್ಬರೂ ಪಕ್ಕದಲ್ಲಿ ನಿಂತು ನೋಡುತ್ತಿರುವಾಗ ಕೀಲಿ ತಿರುಗಿಸಿದಳು. ಕಾರು ಕೆಮ್ಮಿತು, ಕುಂಟಿತು, ಚಳಿಜ್ವರ ಬಂದವರ ಹಾಗೆ ಗಡಗಡ ನಡುಗಿತು. ಅವಳು ಆರಿಸಿ, ಇಳಿದು, ಬುಸುಗುಟ್ಟುತ್ತಿದ್ದ ನಾಲ್ಕನೆಯ ಪ್ಲಗ್ಗಿಗೆ ಪಾನಾ ಹಾಕಿದಳು. ಬಿಚ್ಚುವ ಕೆಲಸವೇ ಬೀಳಲಿಲ್ಲ, ಎಳೆದರೆ ಬಂತು. ಜೊತೆಗೆ ಹರಿದ ಬಿಳಿ ಟೇಪು. ಟೇಪಿಗೆ ಅಂಟಿಕೊಂಡು ಬೆಳ್ಳಗೆ ಹೊಳೆಯುವ ಲೋಹದ ಸಿಬರು. ಎಂಜಿನ್ನಿನ ಥ್ರೆಡ್ಡೇ ಕಿತ್ತು ಬಂದಿತ್ತು.

ಮಗಳು ಅದನ್ನು ಅಂಗೈ ಮೇಲಿಟ್ಟು ಮುಂದೆ ಚಾಚಿದಳು.

"ಅಮ್ಮ, ಇದೇನು ಅಂತ ಅವರನ್ನ ಕೇಳು."

ಸೋರದಪ್ಪ ಪ್ಲಗ್ಗು ತೆಗೆದುಕೊಂಡು ಬೆಳಕಿಗೆ ಹಿಡಿದರು. ಉಗುರಿನಿಂದ ಮಡಚಿ ಒತ್ತಿದ ಟೇಪಿನ ತುದಿ ಇನ್ನೂ ಹಾಗೇ ಇತ್ತು. ಅವರು ಒಮ್ಮೆ ಹೆಂಡತಿಯ ಮುಖ ನೋಡಿದರು. ಒಂದೇ ಸಲ.

"ನಾನೇ ಸುತ್ತಿದ್ದು ಅಂತ ಹೇಳು ಅವಳಿಗೆ" ಎಂದರು.

ನಾಲ್ಕು ತಿಂಗಳು ಉಪ್ಪು, ಬಚ್ಚಲು, ಬೀಗದ ಕೈ ಎಂದು ಏನೆಲ್ಲ ಸಾಗಿಸಿದವಳಿಗೆ ಈ ಒಂದು ಮಾತು ಎತ್ತಲಾಗಲಿಲ್ಲ. "ಅವರು ಹೇಳ್ತಾರೆ..." ಎಂದು ಶುರು ಮಾಡಿದಳು. ಸುಮ್ಮನಿದ್ದರೆ ತನ್ನ ಮಾನ ಉಳಿಯುತ್ತದೆ, ಅಪ್ಪ-ಮಗಳ ಮಾತು ಇನ್ನು ಜನ್ಮಕ್ಕಿಲ್ಲ.

"ಸುಳ್ಳು ಕಣೆ. ಅವರು ನಿನ್ನ ಚೀಟಿಯ ಒಂದು ಗೆರೆನೂ ದಾಟಿಲ್ಲ. ಸುತ್ತಿದ್ದೂ ನಾನೇ, ಬಿಗಿದಿದ್ದೂ ನಾನೇ. ಹನ್ನೆರಡು ಸುತ್ತು."

ಮಗಳು ತಾಯಿಯನ್ನು ನೋಡಿದಳು. ಟೇಪನ್ನು ನೋಡಿದಳು. ಆಮೇಲೆ ತಿರುಗಿ, "ಅಪ್ಪ, ನೀನಾದ್ರೂ ನೋಡ್ಕೋಬಾರ್ದಿತ್ತಾ?" ಎಂದಳು.

"ಪಕ್ಕದ್ಮನೆ ಸಿಂಕಿಗೆ ಹೋಗಿದ್ದೆ ಕಣಮ್ಮ. ಹತ್ತೇ ನಿಮಿಷ!"

"ಅಮ್ಮ ಒಬ್ಬಳನ್ನೇ ಕಾರಿನ ಹತ್ರ ಬಿಟ್ಟು?"

"ತಪ್ಪಾಯ್ತು." ಸೋರದಪ್ಪ ತಲೆ ತಗ್ಗಿಸಿದರು. "ಅವತ್ತು ನಾಲ್ಕು ಜನರ ಮುಂದೆ ಅಂದದ್ದೂ ತಪ್ಪಾಯ್ತು."

ಮಗಳು ಬಟ್ಟೆಯಲ್ಲಿ ಬಹಳ ಹೊತ್ತು ಕೈ ಒರೆಸಿಕೊಂಡಳು. ಕಣ್ಣಿನಿಂದ ಬಿದ್ದದ್ದನ್ನೂ ಅದರಲ್ಲೇ ಒರೆಸಿದಳು. "ನಾಳೆ ರೇಸು ಹೋಯ್ತು. ಇನ್ನು ಆರು ತಿಂಗಳಿಗೇ."

"ಪೈಪಿನ ಥ್ರೆಡ್ಡು ಹೋದ್ರೆ ನಾನು ಸ್ವಲ್ಪ ದೊಡ್ಡದಾಗಿ ಕೊರೆದು, ಒಳಗೊಂದು ಹೊಸ ಥ್ರೆಡ್ಡಿನ ಬುಶ್ ಕೂರಿಸ್ತೀನಿ..."

"ಇದಕ್ಕೂ ಹಾಗೇ ಅಪ್ಪ! ಆದ್ರೆ ಮೊದಲು ಎಂಜಿನ್ನಿನ ಹೆಡ್ಡು ಬಿಚ್ಚಬೇಕು."

"ಹಿಡ್ಕೊಳ್ಳೋಕೆ ನಾನಿಲ್ವಾ?"

ಭಾನುವಾರ ಎಂಟು ಗಂಟೆಗೆ, ಬೇರೆಯವರ ಕಾರುಗಳು ಗುಡ್ಡ ಹತ್ತುವ ಹೊತ್ತಿಗೆ, ಶೆಡ್ಡಿನೊಳಗೆ ಎರಡು ತಲೆಗಳು ಒಂದೇ ಬಾನೆಟ್ಟಿನಡಿ ಬಗ್ಗಿದ್ದವು. ಮಾತು ನಿಲ್ಲುತ್ತಲೇ ಇರಲಿಲ್ಲ. ಆಕೆ ಎರಡು ಲೋಟ ಚಹಾ ಹಿಡಿದು ಹೋಗಿ ಮೊಣಕೈಯಿಂದ ಬಾಗಿಲು ನೂಕಿದಳು. ಒಳಗಿನಿಂದ ಚಿಲಕ ಹಾಕಿತ್ತು.

"ಯಾರು?"

"ನಾನು."

ಒಳಗೆ ಮಾತು ಗಪ್ಪನೆ ನಿಂತಿತು. ಮರುಕ್ಷಣವೇ ಅಪ್ಪ, ಮಗಳು ಇಬ್ಬರೂ ಒಂದೇ ಉಸಿರಿಗೆ ಕೂಗಿದರು:

"ಅಲ್ಲೇ ಇಡು! ಏನೂ ಮುಟ್ಟಬೇಡ!"