ಇಳಿಜಾರಿದ್ದರೆ ಮಾತ್ರ ಬರುವ ಮಾವ

ಕೋಡಿಹಳ್ಳಿಯ ನನ್ನ ಸೋದರಮಾವನಿಗೆ ಮದುವೆಯ ಕರೆಯೋಲೆ ಕೊಡಲು ಹೋದವರು ಮುಹೂರ್ತಕ್ಕಿಂತ ಮೊದಲು ಇನ್ನೊಂದು ವಿಷಯ ಹೇಳಬೇಕು: ಛತ್ರದ ಮುಂದೆ ಇಳಿಜಾರು ಇದೆಯೋ ಇಲ್ಲವೋ! ಇದ್ದರೆ ಮಾವ ಬರುತ್ತಾರೆ. ಇಲ್ಲದಿದ್ದರೆ ವಧೂವರರಿಗೆ ಮನೆಯಿಂದಲೇ ಆಶೀರ್ವಾದ. ಮಾವನ ಕಾರು ಕೀಲಿ ತಿರುಗಿಸಿದರೆ ಏಳುವ ಜಾತಿಯದಲ್ಲ, ಇಳಿಜಾರಿನಲ್ಲಿ ಉರುಳಿಸಿ ಎಬ್ಬಿಸಬೇಕು. ಚನ್ನಪಟ್ಟಣದಲ್ಲಿ ಸ್ವಂತ ಷಡ್ಡಕನ ಮಗಳ ಮದುವೆಗೇ ಹೋಗಲಿಲ್ಲ.

"ಆ ಛತ್ರದೋರು ನೆಲಾನೆಲ್ಲ ಮಟ್ಟ ಮಾಡ್ಸವ್ರಂತೆ ಕಣೋ ಅಳಿಯ. ಬುದ್ಧಿ ಬ್ಯಾಡ್ವಾ?"

"ಬಸ್ಸಲ್ಲಿ ಹೋಗಬಹುದಿತ್ತಲ್ಲ ಮಾವ?"

"ಕಾರಿರೋನು ಬಸ್ಸಲ್ಲಿ ಹೋದ್ರೆ ಜನ ಏನಂದಾರು!"

ಹುಟ್ಟಿದಾಗ ಆ ಕಾರು ಬಿಳಿಯದಂತೆ. ಈಗ ತಂಗಳು ಮುದ್ದೆಯ ಬಣ್ಣ. ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಹೊತ್ತೂ ಹೊತ್ತೂ ಅದರ ಸೀಟುಗಳಿಗೆ ಎಂಥ ವಾಸನೆ ಹತ್ತಿದೆಯೆಂದರೆ, ಅದರಲ್ಲಿ ಕೂತು ಬಂದವನ ಪಕ್ಕದ ಎಲೆಗೆ ಪಂಕ್ತಿಯಲ್ಲಿ ಯಾರೂ ಕೂರುವುದಿಲ್ಲ. ಡ್ರೈವರನ ಕಾಲಡಿಯಲ್ಲೊಂದು ತೂತು. ಕೇಳಿದರೆ, "ರೋಡ್ ಕಾಣ್ತಾ ಇದ್ರೆ ಒಸಿ ಧೈರ್ಯ!" ಮುಂದಿನ ಎಡಬಾಗಿಲಂತೂ ಒಳಗಿನಿಂದ ತೆರೆಯುವುದೇ ಇಲ್ಲ. ಅತ್ತೆ ಇಳಿಯಬೇಕಾದರೆ ಮಾವ ಇಳಿದು, ಸುತ್ತಿ ಬಂದು, ಹೊರಗಿನಿಂದ ತೆಗೆಯಬೇಕು. ಅಲ್ಲಿಯವರೆಗೆ ಅತ್ತೆ ಕೈದಿ! ನಾನೋ ಹೊಸ ಕಾರಿನವನು, ಗುಂಡಿ ಒತ್ತಿದರೆ ನಾಲ್ಕೂ ಬಾಗಿಲು ತೆರೆದುಕೊಳ್ಳುವಂಥದ್ದು. ನಗದೆ ಇರಲಾದೀತೇ?

ರಿಪೇರಿಯೋ, ಹೊಸದೋ? ಮೂರು ವರ್ಷದಿಂದ ಮಾವನದು ಇದೇ ಜಪ. ಕನಕಪುರದ ಮೆಕ್ಯಾನಿಕ್ ನೋಡಿ, "ಇಂಜಿನ್ ಬಂಗಾರ, ಬಾಡಿ ಹೋಗೈತೆ" ಎಂದ. ಚನ್ನಪಟ್ಟಣದ ಟಿಂಕರ್ ತಟ್ಟಿ ನೋಡಿ, "ಬಾಡಿ ಗುಂಡ್ಕಲ್ಲು, ಇಂಜಿನ್ ಹೋಗೈತೆ" ಎಂದ. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಗುಜರಿಗೆ ಹಾಕಿ ಬರುತ್ತಿದ್ದರು. ಮಾವ ಬೀಗುತ್ತಾ ಬಂದರು. "ಒಬ್ಬ ಇಂಜಿನ್ ಚೆಂದಾಗೈತೆ ಅಂದ, ಇನ್ನೊಬ್ಬ ಬಾಡಿ ಚೆಂದಾಗೈತೆ ಅಂದ. ಇನ್ನೇನ್ಲಾ ಬೇಕು?" ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರಿಗೆ ಯಾರು ಏನು ಹೇಳಿಯಾರು?

ಕೊನೆಗೆ ವಿಷಯ ಊರ ದೇವತೆಯ ಮುಂದೆ ಹೋಯಿತು. ಬಲಗಡೆ ಹೂ ಬಿದ್ದರೆ ಮಾರುವುದು, ಎಡಗಡೆ ಬಿದ್ದರೆ ರಿಪೇರಿ. ಅಮ್ಮನೂ ಆ ಕಾರಿನ ಹೊಗೆಗೆ ಬೇಸತ್ತಿದ್ದಳೋ ಏನೋ, ಕೇಳಿದ ತಕ್ಷಣ ಬಲಗಡೆಯ ಹೂ ಬಿತ್ತು! ಪೂಜಾರಿ ಗಂಟೆ ಬಾರಿಸಿದ. ಮಾವ ತಡೆದರು.

"ಯಾರ ಬಲ ಪೂಜಾರ್ರೇ? ಅಮ್ಮ ನಮ್ ಕಡಿಕೆ ಮಖ ಮಾಡ್ಕಂಡು ಕುಂತವ್ಳೆ. ಅವಳ ಬಲ ನಂಗೆ ಎಡ!"

ಅಂದಿನಿಂದ ಪೂಜಾರಿ ಮಾವನಿಗೆ ತೀರ್ಥ ಮಾತ್ರ ಕೊಡುತ್ತಾನೆ, ಹೂವಿನ ಸುದ್ದಿ ಎತ್ತುವುದಿಲ್ಲ.

ಇಂಥ ಮಹಾನುಭಾವ ಹೆಂಡತಿಯ ಜೊತೆ ಹೇಗಿದ್ದಾರು? ನೀರಿನ ಕೊಡದ ಪಕ್ಕದಲ್ಲೇ ಕೂತು, ಹಿತ್ತಲಲ್ಲಿರುವ ಅತ್ತೆಯನ್ನು ಕೂಗಿ ನೀರು ಕೇಳುವ ಆಸಾಮಿ! ಸಂತೆಗೆ ನಡೆದು ಹೋದರೆ ಹತ್ತು ಹೆಜ್ಜೆ ಮುಂದೆ. ಹಿಂದೆ ಬರುತ್ತಿರುವುದು ತನ್ನ ಹೆಂಡತಿಯೋ ಬೇರೆಯವರ ಹೆಂಡತಿಯೋ ಎಂದು ತಿರುಗಿ ನೋಡಿದವರಲ್ಲ. ನನಗೆ ಮೈ ಉರಿಯುತ್ತಿತ್ತು.

ಹೋದ ತಿಂಗಳು ಇಳಿಜಾರೂ ಕೈಕೊಟ್ಟಿತು. ಅತ್ತೆಯನ್ನು ಕೂರಿಸಿಕೊಂಡು ಉರುಳಿದ ಕಾರು ಏಳಲಿಲ್ಲ, ನಿಲ್ಲಲೂ ಇಲ್ಲ, ಪಕ್ಕದವರ ಹಿಪ್ಪುನೇರಳೆ ತೋಟದಲ್ಲಿ ಹೋಗಿ ಕೂತಿತು. ನನಗೆ ನಿಜಕ್ಕೂ ಭಯವಾಯಿತು. ಮರುದಿನವೇ ಇಬ್ಬರನ್ನೂ ನನ್ನ ಕಾರಿನಲ್ಲಿ ರಾಮನಗರದ ಶೋರೂಮಿಗೆ ಎಳೆದೊಯ್ದೆ. ಅಲ್ಲಿನ ಹುಡುಗಿ ಅತ್ತೆಯನ್ನು ಹೊಸ ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ, "ಅಮ್ಮ, ಈ ಹಿಡಿ ಎಳೀರಿ, ನೀವೇ ಇಳೀಬಹುದು. ಯಾರಿಗೂ ಕಾಯೋದೇ ಬೇಡ!" ಎಂದಳು.

ಅತ್ತೆ ಎಳೆದರು. ಬಾಗಿಲು ತೆರೆಯಿತು. ಡಿಕ್ಕಿಯಲ್ಲಿ ಎಷ್ಟು ಗೂಡು ಹಿಡಿಸುತ್ತದೆಂದು ನೋಡಲು ಮಾವ ಆಗಲೇ ಹಿಂದಕ್ಕೆ ಹೋಗಿದ್ದರು. ಅತ್ತೆ ಇಳಿಯಲಿಲ್ಲ. ಬಾಗಿಲನ್ನು ಮತ್ತೆ ಹಾಕಿಕೊಂಡು ಸುಮ್ಮನೆ ಕೂತರು.

"ಯಾಕತ್ತೆ, ಹಿಡಿಸಲಿಲ್ವಾ?"

"ಚೆಂದಾಗೈತೆ ಕಣಪ್ಪ. ಆದ್ರೆ ಬ್ಯಾಡ. ಹಳೇದ್ನೇ ರಿಪೇರಿ ಮಾಡ್ಸಿ." ದನಿ ತಗ್ಗಿತು. "ಆ ಬಾಗ್ಲೊಂದ್ನ ಬುಟ್ಟು. ನಲ್ವತ್ ವರ್ಸದಲ್ಲಿ ನಿಮ್ ಮಾವ ನಂಗೋಸ್ಕರ ಸುತ್ತಾಕ್ಕಂಡ್ ಬಂದು ನಿಂತಿರೋದು ಆ ಬಾಗ್ಲ ತಾವೇ ಕಣಪ್ಪ."

ಮೂರು ವರ್ಷ ಆ ಬಾಗಿಲನ್ನು ಆಡಿಕೊಂಡು ನಕ್ಕಿದ್ದೆನಲ್ಲ, ನಾಚಿಕೆಯಾಯಿತು.

ಹಳೆಯ ಕಾರು ಕನಕಪುರದ ಗ್ಯಾರೇಜು ಸೇರಿತು. ಇಂಜಿನ್ ಬಿಚ್ಚಿದರು, ಬ್ರೇಕ್ ಹೊಸದಾಯಿತು, ತೂತಿಗೆ ತಗಡು ಬಿತ್ತು. ಈಗ ಕೀಲಿಗೇ ಏಳುತ್ತದೆ. ಕೊನೆಯ ದಿನ ನಾನೂ ಮಾವನ ಜೊತೆ ಹೋಗಿದ್ದೆ. ಮೆಕ್ಯಾನಿಕ್ ಸ್ಕ್ರೂಡ್ರೈವರ್ ಹಿಡಿದು ಎಡಬಾಗಿಲಿನ ಕಡೆ ಹೋದ. ಅತ್ತೆ ಹೇಳಿದ ಮಾತು ನೆನಪಾಗಿ, ಬೇಡ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ಗದರಿದರು.

"ಏಯ್, ಅದ್ನ ಮುಟ್ಬ್ಯಾಡ! ಅದೊಂದು ಸರ್ಯಾಗೈತೆ."

ಆ ಸಂಜೆ ನನ್ನ ಹೆಂಡತಿಯನ್ನು ಕರೆದುಕೊಂಡು ಪೇಟೆಯಿಂದ ಮನೆಗೆ ಬಂದೆ. ಕಾರು ನಿಲ್ಲಿಸಿ, ಲಗುಬಗೆಯಿಂದ ಇಳಿದು, ಸುತ್ತಿ ಹೋಗಿ ಅವಳ ಬಾಗಿಲು ತೆಗೆದು ನಿಂತೆ. ಅವಳು ಗಾಬರಿಯಿಂದ ನನ್ನ ಮುಖ ನೋಡಿದಳು.

"ಯಾಕ್ರೀ, ಬಾಗ್ಲು ಕೆಟ್ಟೋಯ್ತಾ?"