ಮುಚ್ಚಳದ ಬಟ್ಟಲು ಪಕ್ಕದ ಮನೆಗೆ ಹೋದದ್ದು

ಪ್ರತಿ ಮನೆಯಲ್ಲೂ ಎರಡು ಬಗೆಯ ಪಾತ್ರೆಗಳಿರುತ್ತವೆ. ಒಂದು ತಿನ್ನುವುದಕ್ಕೆ, ಇನ್ನೊಂದು ತಿನ್ನದೆ ಇರುವುದಕ್ಕೆ. ಈ ಎರಡನೆಯ ಬಗೆಯ ಮೇಲೆ ನನಗೆ ಮೊದಲಿನಿಂದಲೂ ಮೋಹ. ನಾಚಿಕೆ ಬಿಟ್ಟು ಹೇಳಿಬಿಡುತ್ತೇನೆ: ನಮ್ಮ ಮನೆಯ ಷೋಕೇಸಿನಲ್ಲಿ ಹನ್ನೊಂದು ವರ್ಷದಿಂದ ಒಂದು ಪಿಂಗಾಣಿ ಡಿನ್ನರ್ ಸೆಟ್ ಇದೆ, ಮೊನ್ನೆ ಮೊನ್ನೆಯವರೆಗೆ ಅದರಲ್ಲಿ ಯಾರೂ ಡಿನ್ನರ್ ಮಾಡಿರಲಿಲ್ಲ. ಬಂದ ನೆಂಟರಿಗೆ ಸೆಟ್ಟನ್ನು ತೋರಿಸಿ, ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟು ಕಳಿಸುವುದು ನಮ್ಮ ಮನೆಯ ಪದ್ಧತಿ. ಮುಳಬಾಗಿಲಿನ ನನ್ನ ಚಿಕ್ಕಮ್ಮ ಒಂದು ಸಲ, "ಇಷ್ಟು ಚೆನ್ನಾಗಿರೋದನ್ನ ಯಾವಾಗ ಬಳಸ್ತೀಯೇ?" ಎಂದು ಕೇಳಿದರು. "ದೊಡ್ಡವರು ಯಾರಾದ್ರೂ ಬಂದಾಗ ಚಿಕ್ಕಮ್ಮ" ಎಂದೆ. ಅವರು ಲೋಟವನ್ನು ಟೀಪಾಯಿಯ ಮೇಲೆ ಕುಕ್ಕಿದ ಸದ್ದು ಕೇಳಿದ ಮೇಲೆಯೇ ನಾನು ಆಡಿದ ಮಾತು ನನಗೆ ಅರ್ಥವಾದದ್ದು. ಆಮೇಲೆ ಎರಡು ವರ್ಷ ಅವರು ನಮ್ಮ ಮನೆಗೆ ಬರಲಿಲ್ಲ.

ನಾನು ಶ್ರೀನಿವಾಸಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಇಲಾಖೆಯ ಮೀಟಿಂಗಿಗೆಂದು ಕೋಲಾರಕ್ಕೆ ಹೋದಾಗ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಈ ಸೆಟ್ಟು ಕಣ್ಣಿಗೆ ಬಿತ್ತು. ಬೆಳ್ಳನೆ ಪಿಂಗಾಣಿ, ಅಂಚಿಗೆ ನೀಲಿ ಬಳ್ಳಿ. "ಚಿನ್ನದ ಗಣಿ ದೊರೆಗಳ ಬಂಗಲೇದು ಮೇಡಂ, ದೊರೆಸಾನಿ ಕೈಯಾರೆ ಮುಟ್ಟಿದ್ದು" ಎಂದ ಅಂಗಡಿಯವನು. ದೊರೆಸಾನಿ ತನ್ನ ತಟ್ಟೆಯನ್ನು ಕೈಯಾರೆ ಮುಟ್ಟದೆ ಇನ್ನೇನು ಮಾಡುತ್ತಾಳೆ ಎಂದು ಕೇಳುವಷ್ಟು ಬುದ್ಧಿ ಆ ಹೊತ್ತಿಗೆ ಇರಲಿಲ್ಲ. ವಾಪಸು ಬರುವಾಗ ಬಸ್ಸು ಕಿಕ್ಕಿರಿದಿತ್ತು. ತಟ್ಟೆಗಳ ಗಂಟನ್ನು ಕಾಲ ಸಂದಿಯಲ್ಲಿಟ್ಟು, ದೊಡ್ಡ ಬಟ್ಟಲನ್ನು ಸೆರಗಿನಲ್ಲಿ ಸುತ್ತಿ ಎದೆಗವಚಿಕೊಂಡು ಕೂತಿದ್ದೆ. ಪಕ್ಕದ ಹೆಂಗಸು ಇಣುಕಿ ನೋಡಿ, "ಎಷ್ಟು ತಿಂಗಳ ಪಾಪು?" ಎಂದಳು. ಇಲ್ಲ ಎನ್ನುವುದಕ್ಕೆ ಮನಸ್ಸಾಗದೆ "ಮೂರು" ಎಂದುಬಿಟ್ಟೆ. ಇಳಿಯುವ ತನಕ ಅವಳು ಅದಕ್ಕೆ ಬಿಸಿಲು ಬೀಳದಂತೆ ಕಿಟಕಿಗೆ ಅಡ್ಡ ಕೂತಿದ್ದಳು. ಪುಣ್ಯಾತ್ಗಿತ್ತಿ.

ಮನೆಯಲ್ಲಿ ಮಾತ್ರ ಯಾರೂ ಅಷ್ಟು ಅಕ್ಕರೆ ತೋರಿಸಲಿಲ್ಲ. ನಮ್ಮ ಅತ್ತೆ ಯಲ್ದೂರಿನವರು. ಕನ್ನಡದಲ್ಲಿ ಶುರುಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುವವರು. "ಪಿಂಗಾಣಿ ಅಂದ್ರೆ ಉಪ್ಪಿನಕಾಯಿ ಜಾಡಿ. ಇವೆಲ್ಲಾ ಯಾಕೆ, ಎಂದುಕಮ್ಮಾ?" ಎಂದರು. ಸೆಟ್ಟಿನಲ್ಲಿ ದೋಣಿಯಂತೆ ಮೂತಿ ಚಾಚಿಕೊಂಡ, ಒಂದು ಹಿಡಿಯ ಪಾತ್ರೆಯೊಂದಿತ್ತು. ಅದು ಯಾತಕ್ಕೆಂದು ನನಗೂ ಗೊತ್ತಿರಲಿಲ್ಲ. ಅತ್ತೆ ಅದನ್ನು ತಿರುಗಿಸಿ ನೋಡಿ, "ಒಳಲೆ. ಮಕ್ಕಳಿಗೆ ಹಾಲು ಕುಡಿಸೋದು. ದೊರೆಗಳ ಮಕ್ಕಳು ಅರ್ಧ ಸೇರು ಕುಡೀತಿದ್ವೇನೋ" ಎಂದು ತೀರ್ಮಾನ ಕೊಟ್ಟರು. ಅವತ್ತಿನಿಂದ ಅದು ಒಳಲೆಯೇ. ನನ್ನ ಯಜಮಾನರು ಮಾವಿನ ತೋಟ ನೋಡಿಕೊಳ್ಳುವವರು, ಮುದ್ದೆಯ ಮನುಷ್ಯ. ತಟ್ಟೆಯನ್ನು ಬೆರಳಿನಿಂದ ತಟ್ಟಿ, "ಇದರ ಮೇಲೆ ಮುದ್ದೆ ಮುರಿಯೋಕೆ ಹೋದ್ರೆ ತಟ್ಟೇನೇ ಮುರಿಯುತ್ತೆ ಕಣೇ" ಎಂದು ದೂರ ಸರಿದರು. ನನಗೂ ಅಷ್ಟೇ ಬೇಕಾಗಿತ್ತು.

ಹೀಗೆ ಸುಖವಾಗಿದ್ದಾಗ ಈ ವರ್ಷದ ಯುಗಾದಿ ಬಂತು. ಪಕ್ಕದ ಮನೆಯ ರತ್ನಮ್ಮನ ದಾಯಾದಿಗಳಲ್ಲಿ ಯಾರೋ ತೀರಿಕೊಂಡು ಅವರಿಗೆ ಹಬ್ಬ ಇರಲಿಲ್ಲ. ಹಬ್ಬ ಇಲ್ಲದ ಮನೆಗೆ ಅಕ್ಕಪಕ್ಕದವರು ಒಬ್ಬಟ್ಟು ಕೊಡುವುದು ನಮ್ಮ ಕಡೆ ರೂಢಿ. ನಾನು ಸ್ನಾನಕ್ಕೆ ಹೋಗಿದ್ದೆ. ಸ್ಟೀಲ್ ಡಬ್ಬಿ, ಬೋಸಿ ಎಲ್ಲವೂ ಹಬ್ಬದಡಿಗೆಯಿಂದ ತುಂಬಿದ್ದವು. ಅತ್ತೆ ಅತ್ತಿತ್ತ ನೋಡಿದ್ದಾರೆ, ಷೋಕೇಸಿನಲ್ಲಿ ಮುಚ್ಚಳ ಸಮೇತ ಒಂದು ದೊಡ್ಡ ಬಟ್ಟಲು ಕೆಲಸವಿಲ್ಲದೆ ಕೂತಿದೆ. ಹತ್ತು ಒಬ್ಬಟ್ಟು ತುಂಬಿ ಕೊಟ್ಟು ಬಂದೇಬಿಟ್ಟರು. ನಾನು ತಲೆ ಒರೆಸಿಕೊಳ್ಳುತ್ತಾ ಬಂದು ನೋಡಿದರೆ ಷೋಕೇಸಿನ ನಡುವೆ ಧೂಳಿಲ್ಲದ ಒಂದು ದುಂಡು ಗುರುತು ಮಾತ್ರ ಉಳಿದಿತ್ತು. ಒದ್ದೆ ಟವೆಲನ್ನು ಹೆಗಲ ಮೇಲೆ ಎಸೆದುಕೊಂಡು ಯಜಮಾನರ ಹತ್ತಿರ ಓಡಿದೆ.

"ಹೋಗಿ ಇಸ್ಕೊಂಡು ಬಾ, ಅದಕ್ಕೇನಂತೆ" ಎಂದರು ಯಜಮಾನರು. ಗಂಡಸರಿಗೆ ಇಂಥದ್ದು ತಿಳಿಯುವುದಿಲ್ಲ. ಬಂದ ಪಾತ್ರೆಯನ್ನು ಖಾಲಿಯಾಗಿ ಹಿಂದಿರುಗಿಸುವುದಿಲ್ಲ ನಮ್ಮಲ್ಲಿ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕುತ್ತಾರೆ. ಹಾಗಿರುವಾಗ "ನಮ್ಮ ಬಟ್ಟಲು ಕೊಡು" ಎಂದರೆ "ನಮಗೆ ಏನಾದರೂ ಮಾಡಿಕೊಡು" ಎಂದು ಬಾಯಿಬಿಟ್ಟು ಕೇಳಿದ ಹಾಗೆ. ಒಂದು ವಾರ ಕಾದೆ. ಬಟ್ಟಲು ಬರಲಿಲ್ಲ. ಆ ಮನೆಯಲ್ಲಿ ಏನು ಬಿದ್ದ ಸದ್ದಾದರೂ ನಾನು ಕಾಂಪೌಂಡಿನ ಹತ್ತಿರ ಓಡುತ್ತಿದ್ದೆ. ಕ್ಲಾಸಿನಲ್ಲಿ ಬೀಕರನ್ನು ಕೈಗೆತ್ತಿಕೊಂಡರೂ ಅದೇ ಜ್ಞಾಪಕ.

ಆಗ ನನಗೊಂದು ಉಪಾಯ ಹೊಳೆಯಿತು. ಇನ್ನೊಂದು ಪಿಂಗಾಣಿಯಲ್ಲಿ ಏನಾದರೂ ಕೊಟ್ಟರೆ ರತ್ನಮ್ಮನಿಗೆ ಮೊದಲಿನದರ ನೆನಪಾಗಿ ಎರಡನ್ನೂ ಒಟ್ಟಿಗೆ ತಂದುಕೊಡುತ್ತಾಳೆ! ಕೂಡಲೇ ನೀಲಿ ಅಂಚಿನ ಉದ್ದನೆ ತಟ್ಟೆಯಲ್ಲಿ ಚಕ್ಕುಲಿ ಜೋಡಿಸಿಕೊಂಡು ನಾನೇ ಹೋಗಿ ಕೊಟ್ಟೆ. ರತ್ನಮ್ಮ ತಟ್ಟೆಯನ್ನು ನೋಡಿದಳು, ನನ್ನನ್ನು ನೋಡಿದಳು, "ಅಯ್ಯೋ, ಯಾಕಕ್ಕಾ ಇದೆಲ್ಲಾ" ಎಂದಳು. ಆಮೇಲೆ ಬಟ್ಟಲೂ ಬರಲಿಲ್ಲ, ತಟ್ಟೆಯೂ ಬರಲಿಲ್ಲ. ಇಷ್ಟಕ್ಕೆ ಬುದ್ಧಿ ಕಲಿಯಬೇಕಿತ್ತು. ಹತ್ತು ದಿನ ಬಿಟ್ಟು ಒಳಲೆಯ ತುಂಬ ಮಾವಿನಕಾಯಿ ಗೊಜ್ಜು ಹಾಕಿ ಅದನ್ನೂ ಕೊಟ್ಟು ಬಂದೆ. ಅತ್ತೆ, "ಉಳಿದಿದ್ದನ್ನೂ ಗೋಣಿಚೀಲಕ್ಕೆ ತುಂಬಿ ಒಂದೇ ಸಲ ಕೊಟ್ಬಿಡು, ದಿನಾ ಓಡಾಡೋದು ತಪ್ಪುತ್ತೆ" ಎಂದರು.

ಒಳಲೆ ಹೋದ ಮೇಲೆ ರತ್ನಮ್ಮನೇ ಕಾಣೆಯಾದಳು. ದಿನವೂ ನಮ್ಮ ಗಿಡದ ಕರಿಬೇವಿಗೆ ಬಂದು ಅರ್ಧ ಗಂಟೆ ಹರಟಿ ಹೋಗುತ್ತಿದ್ದವಳು ಅಂಗಡಿಯಿಂದ ಕರಿಬೇವಿನ ಕಟ್ಟು ತರಿಸತೊಡಗಿದಳು. ನನ್ನನ್ನು ಬೀದಿಯಲ್ಲಿ ಕಂಡರೆ ಚಪ್ಪಲಿ ಸರಿಮಾಡಿಕೊಳ್ಳುವವಳಂತೆ ಬಗ್ಗಿಬಿಡುತ್ತಿದ್ದಳು. ಮೂರೂ ಒಡೆದುಹೋಗಿವೆ ಎಂದು ಖಾತ್ರಿ ಮಾಡಿಕೊಂಡು ಮೊದಲು ಸಿಟ್ಟಾದೆ. ಆದರೆ ಸಂಜೆ ಕರಿಬೇವಿನ ಗಿಡದ ಹತ್ತಿರ ಒಬ್ಬಳೇ ನಿಂತರೆ ಸಿಟ್ಟಿಗಿಂತ ಬೇಜಾರೇ ಹೆಚ್ಚಾಗುತ್ತಿತ್ತು. ಅವಳ ಹರಟೆಯಿಲ್ಲದೆ ನನಗೆ ಊರಿನ ಒಂದು ಸುದ್ದಿಯೂ ತಿಳಿಯುತ್ತಿರಲಿಲ್ಲ, ಮನಸ್ಸಿಗೂ ಹಿತವಿರಲಿಲ್ಲ. ಬಟ್ಟಲಿನ ಜೊತೆಗೆ ರತ್ನಮ್ಮನನ್ನೂ ಕಳೆದುಕೊಂಡೆನೇ ಎಂದು ಭಯವಾಯಿತು.

ಕೊನೆಗೆ ಅವಳು ಸಿಕ್ಕಿದ್ದು ಫ್ಲೋರ್ ಮಿಲ್ಲಿನಲ್ಲಿ. ಅವಳ ರಾಗಿಯನ್ನು ಆಗತಾನೆ ಮಿಷಿನ್ನಿಗೆ ಸುರಿದಿದ್ದರು. ರಾಗಿ ಬಿಟ್ಟು ಓಡಿಹೋಗುವಂತಿಲ್ಲ. ನಾನು ಬಾಯಿ ತೆಗೆಯುವ ಮೊದಲೇ ಅವಳೇ ಕೈಮುಗಿದಳು.

"ಅಕ್ಕಾ, ನಿಮ್ ಕಾಲಿಗೆ ಬೀಳ್ತೀನಿ, ಇನ್ನೊಂದು ಬಟ್ಟಲು ಮಾತ್ರ ಕಳಿಸ್ಬೇಡಿ!"

ಮಿಲ್ಲಿನ ಸದ್ದಿಗೆ ಅವಳು ಕೂಗಿಯೇ ಹೇಳಿದ್ದರಿಂದ ಸರದಿಯಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು.

"ಅಂಥಾ ಬಟ್ಟಲಿಗೆ ನಾನೇನ್ ಹಾಕಿ ಕೊಡ್ಲಿ, ನೀವೇ ಹೇಳಿ. ನಮ್ಮನೇಲಿ ದಿನಾ ಬಸ್ಸಾರು ಮುದ್ದೆ. ಚಿರೋಟಿ ಮಾಡೋಣ ಅಂತ ಎರಡ್ ಸಲ ಕೂತೆ, ಎರಡ್ ಸಲಾನೂ ಹಸೂಗೆ ಹಾಕ್ದೆ. ಅಷ್ಟರಲ್ಲಿ ನೀವು ತಟ್ಟೆ ತಂದ್ರಿ. ಆಮೇಲೆ ಆ ಮೂತಿ ಇರೋದನ್ನ ತಂದ್ರಿ! ಬೀರುವಿನಲ್ಲಿ ಮದುವೆ ಸೀರೆ ಮಧ್ಯ ಸುತ್ತಿಟ್ಟಿದೀನಿ. ಮಕ್ಕಳಿಗೆ ಬೀರು ಮುಟ್ಬೇಡಿ ಅಂತ ಹೇಳಿ ಹೇಳಿ ಗಂಟ್ಲು ಬಿದ್ದೋಯ್ತು. ಒಂದು ತಿಂಗಳಿಂದ ನಂಗೆ ಅದೇ ಯೋಚ್ನೆ ಅಕ್ಕಾ."

ನನಗೆ ನಗುವೂ ಬಂತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ನಾನು ಬಟ್ಟಲು ಒಡೆಯುತ್ತದೆಂದು ನಿದ್ದೆಗೆಟ್ಟರೆ ಇವಳು ಒಡೆಯಬಾರದೆಂದು ನಿದ್ದೆಗೆಟ್ಟಿದ್ದಳು. "ಬಸ್ಸಾರೇ ಹಾಕ್ಕೊಡು ತಾಯಿ" ಎಂದೆ. "ಅದರಲ್ಲಿ ಬಸ್ಸಾರಾ?" ಎಂದು ಅವಳು ಬೆಚ್ಚಿದಳು. "ಹಾಕು, ದೊರೆಸಾನಿಗೆ ನಾನು ಹೇಳ್ತೀನಿ" ಎಂದೆ.

ಮಾರನೆಯ ದಿನ ಮಧ್ಯಾಹ್ನ ಮೂರೂ ಬಂದವು. ಬಟ್ಟಲಿನ ತುಂಬ ಹುರುಳಿಕಾಳಿನ ಬಸ್ಸಾರು, ಉದ್ದನೆ ತಟ್ಟೆಯಲ್ಲಿ ಬಸಿದ ಕಾಳಿನ ಪಲ್ಯ, ಒಳಲೆಯಲ್ಲಿ ತುಪ್ಪ. ಮುಚ್ಚಳ ತೆಗೆದರೆ ಬೆಳ್ಳುಳ್ಳಿ, ಜೀರಿಗೆಯ ಘಮ ಬೀದಿಯ ತನಕ ಹೋಯಿತು. ಮುದ್ದೆಯ ಮನುಷ್ಯ ತಾವಾಗಿಯೇ ಷೋಕೇಸಿನ ಬಾಗಿಲು ತೆಗೆದು, "ಜೊತೇದು ಜೊತೇಲೇ ಇರ್ಲಿ ಬಿಡೇ" ಎಂದು ಮೂರು ಪಿಂಗಾಣಿ ತಟ್ಟೆ ಇಳಿಸಿದರು. ಮುದ್ದೆ ಮುರಿದರು. ತಟ್ಟೆ ಮುರಿಯಲಿಲ್ಲ. ಅತ್ತೆ ಎರಡನೆಯ ಸಲ ಸಾರು ಬಿಡಿಸಿಕೊಂಡು "ಬಾಗುಂದಿ" ಎಂದರು. ಹನ್ನೊಂದು ವರ್ಷದ ಮೇಲೆ ನನ್ನ ಸೆಟ್ಟಿಗೆ ಸಿಕ್ಕ ಹೊಗಳಿಕೆ ಎಂದು ನಾನು ಹಿಗ್ಗಿದೆ. ಅವರು ಹೇಳಿದ್ದು ಸಾರಿಗೆ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಉದ್ಧಾರವಾದ ಹೆಂಗಸು ಎಂದು ನೀವೂ ನಂಬುತ್ತಿದ್ದಿರಿ. ಆದರೆ ಆ ಬಸ್ಸಾರಿನ ರುಚಿ ನಾಲಿಗೆಗೆ ಹತ್ತಿಬಿಟ್ಟಿತು. ಕರಿಬೇವಿಗೆ ರತ್ನಮ್ಮ ಮತ್ತೆ ಬರತೊಡಗಿದ್ದಳು, ಹರಟೆಯೂ ಶುರುವಾಗಿತ್ತು. ಮುಂದಿನ ಭಾನುವಾರ ಬಟ್ಟಲಿನಲ್ಲಿ ಒಂದಿಷ್ಟು ಬಿಸ್ಕತ್ತು ಹಾಕಿ ಅವಳ ಕೈಗಿಟ್ಟೆ. ಮಧ್ಯಾಹ್ನಕ್ಕೆ ಮಸ್ಸೊಪ್ಪು ಬಂತು. ಅದರ ಮುಂದಿನ ವಾರ ಎರಡು ಸೀಬೆಹಣ್ಣು ಹಾಕಿದೆ, ಅವರೆಕಾಳು ಸಾರು ಬಂತು. ಪಿಂಗಾಣಿ ಬಳಸುವುದಕ್ಕೇ ಇರುವುದು ಎಂದು ನಾನು ಸ್ಟಾಫ್ ರೂಮಿನಲ್ಲಿ ಭಾಷಣ ಮಾಡುವಷ್ಟು ದೊಡ್ಡವಳಾದೆ.

ಹೋದ ಭಾನುವಾರ ಅತ್ತೆ ಆವನಿಯಲ್ಲಿರುವ ಮಗಳ ಮನೆಗೆ ಹೋಗಿದ್ದರು. ಬೆಳಿಗ್ಗೆಯೇ ನಾಲ್ಕು ಬಾಳೆಹಣ್ಣು ಇಟ್ಟು ಬಟ್ಟಲನ್ನು ಕೊಟ್ಟು ಬಂದೆ. ಸಾರಿನ ಕಡೆ ತಲೆಯೂ ಹಾಕದೆ ಮುದ್ದೆ ಮಾತ್ರ ತಿರುವಿ, ತಟ್ಟೆ ಹಾಕಿ ಕಾದೆ. ಯಜಮಾನರು ಕೈತೊಳೆದುಕೊಂಡು ಕೂತಿದ್ದರು. ಸರಿಯಾಗಿ ಒಂದು ಗಂಟೆಗೆ ರತ್ನಮ್ಮ ಬಂದಳು. ಒಂದು ಕೈಯಲ್ಲಿ ನನ್ನ ಮುಚ್ಚಳದ ಬಟ್ಟಲು, ಇನ್ನೊಂದು ಕೈಯಲ್ಲಿ ಅವಳದೇ ಒಂದು ದೊಡ್ಡ ಸ್ಟೀಲ್ ಬೋಸಿ. ಎರಡನ್ನೂ ನನ್ನ ಮುಂದಿಟ್ಟಳು. ಮುಚ್ಚಳ ತೆಗೆದೆ: ಎರಡು ಬಾಳೆಹಣ್ಣು. ಬೋಸಿ ನೋಡಿದೆ: ಮಿಕ್ಕ ಎರಡು.

"ನಾನಿವತ್ತು ಒಲೇನೇ ಹಚ್ಚಲಿಲ್ಲ ಅಕ್ಕಾ" ಎಂದು ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಆರಾಮವಾಗಿ ಕುರ್ಚಿಯಲ್ಲಿ ಕೂತಳು. "ನಿಮ್ಮನೇಲಿ ಏನ್ ಸಾರು?"

"ಬಂತೇನೇ?" ಎಂದು ಊಟದ ಮನೆಯಿಂದ ಯಜಮಾನರು ಕೂಗಿದರು. "ಬಂತು, ಬಂತು" ಎಂದೆ, ಕುಕ್ಕರಿಗೆ ಬೇಳೆ ತೊಳೆದು ಹಾಕುತ್ತಾ.