ಹದಿನೇಳನೇ ಪುಟದ ಕೊನೆಯ ಸಾಲಿನ ಬಗ್ಗೆ ದಿವಂಗತ ರಚನಾಕಾರರಿಗೆ

ಗುರುವಾರ, ಹನ್ನೊಂದನೇ ತಾರೀಖು. ಕಳೆದ ಭಾನುವಾರ ಸಂಜೆ ಪುರಭವನದಲ್ಲಿ, ತಾವು ರಚಿಸಿದ ಪಿಯಾನೋ ಕೃತಿಯನ್ನು ನನ್ನ ಅಕ್ಕ ನುಡಿಸುತ್ತಿದ್ದಾಗ, ಪಕ್ಕದಲ್ಲಿ ಕೂತು ಪುಟ ತಿರುಗಿಸುತ್ತಿದ್ದ ನಾನು ಎರಡು ಹಾಳೆಗಳನ್ನು ಒಟ್ಟಿಗೆ ತಿರುಗಿಸಿದೆ.

ಮಾನ್ಯ ದಿವಂಗತ ರಚನಾಕಾರರೇ,

ತಾವು ತೀರಿಕೊಂಡು ನೂರ ನಲವತ್ತು ವರ್ಷಗಳಾದ ಮೇಲೆ ಕ್ಷೇಮ ವಿಚಾರಿಸುವುದು ತೋರಿಕೆಯ ಮಾತೆನಿಸಬಹುದಾದರೂ, ತಾವಿರುವಲ್ಲಿ ಬಾಗಿಲುಗಳೆಲ್ಲ ಒಂದೇ ಶ್ರುತಿಯಲ್ಲಿ ಕಿರುಗುಟ್ಟುತ್ತಿವೆ ಎಂದು ನಂಬಿದ್ದೇನೆ. ಬದುಕಿದ್ದಾಗ ತಾವು ಮನೆಯ ಹನ್ನೊಂದು ಬಾಗಿಲುಗಳ ಕೀಲುಗಳನ್ನು ಬಡಗಿಯಿಂದ ಅರದಲ್ಲಿ ಉಜ್ಜಿಸಿ ಶ್ರುತಿಗೆ ತಂದದ್ದನ್ನೂ, ಬೇರೆ ಶ್ರುತಿಯಲ್ಲಿ ಗುನುಗಿದಳೆಂದು ಅಡುಗೆಯವಳನ್ನು ಬಿಡಿಸಿ ಮೂರು ವಾರ ಬೇಯಿಸಿದ ಮೊಟ್ಟೆ ತಿಂದು ಕಾಲ ಹಾಕಿದ್ದನ್ನೂ, ತಾಳ ತಪ್ಪುತ್ತಿದೆಯೆಂದು ನೆರೆಮನೆಯ ಹುಂಜಕ್ಕೆ ಲಿಖಿತ ಎಚ್ಚರಿಕೆ ಕಳಿಸಿದ್ದನ್ನೂ ತಮ್ಮ ಸ್ವರಲಿಪಿ ಪುಸ್ತಕದ ಮುನ್ನುಡಿಯಿಂದ ಬಲ್ಲೆ. ಇವುಗಳ ಬಗ್ಗೆ ನನ್ನ ತಕರಾರಿಲ್ಲ. ಹುಂಜದ ವಿಷಯದಲ್ಲಂತೂ ನಾನು ತಮ್ಮ ಪಕ್ಷ.

ನನ್ನ ತಕರಾರು ಮುನ್ನುಡಿಯ ಕೊನೆಯಲ್ಲಿದೆ. ತಮ್ಮನ್ನು ಮದುವೆಯಾಗಬೇಕಿದ್ದ ಹೆಣ್ಣು, ತಮಗೆ ಪುಟ ತಿರುಗಿಸುತ್ತಿದ್ದವನ ಜೊತೆ ಹೊರಟುಹೋದಳಂತೆ. ದುಃಖದ ವಿಷಯ. ಆದರೆ ಅಂದಿನಿಂದ ತಾವು, ವಾದಕರ ಎರಡೂ ಕೈಗಳಿಗೆ ಬಿಡುವೇ ಇಲ್ಲದ ಜಾಗವನ್ನು ಹುಡುಕಿ ಹುಡುಕಿ ಪ್ರತಿ ಬಲಪುಟವನ್ನು ಅಲ್ಲಿಗೇ ಮುಗಿಸಿ, ಒಂದು ಸಾಲನ್ನೂ ಆಚೀಚೆ ಸರಿಸಕೂಡದೆಂದು ಮುದ್ರಕರಿಂದ ಬರೆಸಿಕೊಂಡಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ಲೋಕದಲ್ಲಿ ಎಷ್ಟೋ ಜನ ಮಾಡಿದ್ದಾರೆ; ಇನ್ನೂ ಹುಟ್ಟದ ಎಮ್ಮೆಗಳಿಗೂ ಮುಂಗಡವಾಗಿ ಬರೆ ಎಳೆದಿಟ್ಟ ದೂರದೃಷ್ಟಿ ತಮ್ಮೊಬ್ಬರದು.

ಅದನ್ನೂ ಇಪ್ಪತ್ತೆರಡು ವರ್ಷ ಸಹಿಸಿದೆ. ಪುಟ ತಿರುಗಿಸುವವನು ತಾಳ ಎಣಿಸಬೇಕು, ಸಂಗೀತ ಕೇಳಬಾರದು. ಎದ್ದು ನಿಲ್ಲು, ಎಡಗೈಯಲ್ಲಿ ಮೇಲಿನ ಮೂಲೆ ಹಿಡಿ, ಅಕ್ಕ ತಲೆಯಾಡಿಸಿದಾಗ ತಿರುಗಿಸು, ಕೂತುಕೋ. ಹೀಗಿರುವಾಗ, ನಾನು ಎದ್ದು ಮೂಲೆ ಹಿಡಿಯಬೇಕಾದ ಹದಿನೇಳನೇ ಪುಟದ ಕೊನೆಯ ಸಾಲಿನಲ್ಲೇ ತಾವು ಆ ಎಂಟು ನಿಧಾನದ ಸ್ವರಗಳನ್ನು ತಂದಿಟ್ಟಿದ್ದೀರಿ. ಭಾನುವಾರ, ಹೇಗೋ ಏನೋ, ನಾನು ಅವನ್ನು ಕೇಳಿಬಿಟ್ಟೆ. ಎಣಿಕೆ ನಾಲ್ಕಕ್ಕೆ ನಿಂತುಹೋಯಿತು. ಅಕ್ಕ ಎರಡನೇ ಸಲ ತಲೆಯಾಡಿಸಿದಾಗ ಬೆಚ್ಚಿಬಿದ್ದು, ಕೈಗೆ ಸಿಕ್ಕಿದ್ದನ್ನು ತಿರುಗಿಸಿದೆ. ಅವಳು ಕೃತಿಯ ಶವಯಾತ್ರೆಯ ಭಾಗದ ನಟ್ಟನಡುವಿನಿಂದ ನೇರವಾಗಿ ಮದುವೆಯ ಕುಣಿತಕ್ಕೆ ಹೋದಳು. ಪತ್ರಿಕೆಯ ವಿಮರ್ಶಕರು ‘ಶೋಕವನ್ನು ನಡುವೆಯೇ ಕಡಿದು ಕುಣಿತಕ್ಕೆ ಹಾರುವ ಎದೆಗಾರಿಕೆ’ಯನ್ನು ಕೊಂಡಾಡಿ, ಅದರ ಶ್ರೇಯಸ್ಸನ್ನು ರಚನಾಕಾರರಾದ ತಮಗೇ ಕೊಟ್ಟಿದ್ದಾರೆ. ಅಭಿನಂದನೆಗಳು.

ಆಮೇಲೆ ಅಕ್ಕ ಏನಾಯಿತೆಂದು ಕೇಳಿದಾಗ, ಹಾಳೆ ಅಂಟಿಕೊಂಡಿತ್ತು ಅಂದೆ. ‘ನನ್ನದೇ ತಪ್ಪು ಕಣೋ, ಬೈಂಡ್ ಮಾಡಿಸಿ ತಂದಾಗಲೇ ನೋಡಬೇಕಿತ್ತು’ ಅಂದಳು. ಬರುವ ಭಾನುವಾರ ಅವಳು ಇದೇ ಕೃತಿಯನ್ನು ಅದೇ ಪುರಭವನದಲ್ಲಿ ಮತ್ತೆ ನುಡಿಸಬೇಕು. ಹಾರಿಹೋದ ಆ ಎರಡು ಪುಟಗಳೇ ಅವಳ ಕೈಗೆ ಇನ್ನೂ ಕೂತಿಲ್ಲ. ಆದರೆ ನಾಲ್ಕು ದಿನದಿಂದ ಪಿಯಾನೋ ಮುಚ್ಚಿಯೇ ಇದೆ. ಅವಳು ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು, ಬೆಣ್ಣೆ ಸವರುವ ಚಾಕುವಿನಿಂದ, ಅಂಟಿಕೊಂಡೇ ಇಲ್ಲದ ಹಾಳೆಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಾಳೆ. ಕಾಲಲ್ಲಿ ಒತ್ತಿದರೆ ತಾನೇ ಪುಟ ಬದಲಾಗುವ ಮೆಷಿನ್ ಬಂದಿದೆಯಂತೆ, ಅದು ನಡುನಡುವೆ ಕಾಫಿಯನ್ನೂ ಕೇಳುವುದಿಲ್ಲ ಎಂದು ಭಾವ ನನ್ನ ಎದುರಿಗೇ ಹೇಳಿದರು. ಅಕ್ಕ ಚಾಕು ಕೆಳಗಿಡದೆ, ‘ಸುಮ್ನಿರಿ. ಇಪ್ಪತ್ತೆರಡು ವರ್ಷದಲ್ಲಿ ನನ್ನ ತಮ್ಮ ಒಂದೇ ಒಂದು ಸಲ ಮೈಮರೆತಿದ್ದರೆ ತೋರಿಸಿ, ನೋಡೋಣ’ ಅಂದಳು. ನನ್ನ ಕೈಯಲ್ಲಿ ಆಗ ಕಾಫಿಯೇ ಇತ್ತು. ಕುಡಿಯಲಾಗಲಿಲ್ಲ.

ಆದ್ದರಿಂದ ತಮ್ಮಲ್ಲಿ ಸವಿನಯ ಕೋರಿಕೆ. ದಯಮಾಡಿ ಶನಿವಾರದೊಳಗೆ ಎದ್ದು ಬಂದು, ಆ ಎಂಟು ಸ್ವರಗಳನ್ನು ನಾನು ಕೆಲಸವಿಲ್ಲದೆ ಕೂತಿರುವ ಹದಿನಾರನೇ ಪುಟದ ನಡುವಿಗೆ ಸರಿಸಿಕೊಡಬೇಕು. ಅಷ್ಟು ದೂರದ ಪ್ರಯಾಣ ಕಷ್ಟವೆನಿಸಿದರೆ, ಇದ್ದಲ್ಲಿಂದಲೇ ಅವನ್ನು ಸ್ವಲ್ಪ ಕೆಟ್ಟದಾಗಿ ತಿದ್ದಿದರೂ ಸಾಕು. ತಮ್ಮ ಉಳಿದ ಕೃತಿಗಳನ್ನು ನೋಡಿದರೆ ಅದು ತಮಗೆ ಕಷ್ಟವಾಗಲಾರದು.

ಇಪ್ಪತ್ತೆರಡು ವರ್ಷ ತಮ್ಮ ಸಂಗೀತವನ್ನು ಒಮ್ಮೆಯೂ ಕೇಳದೆ ನಿಷ್ಠೆಯಿಂದ ದುಡಿದ,
ತಮ್ಮ ವಿಶ್ವಾಸಿ,
ಪುಟ ತಿರುಗಿಸುವವನು

ತಾ.ಕ.: ತಮ್ಮ ಉತ್ತರ ಬರುವ ಭರವಸೆ ಕಡಿಮೆಯಿರುವುದರಿಂದ, ನಾಳೆ ಬೆಳಗ್ಗೆ ಅಕ್ಕ ಚಾಕು ಕೈಗೆತ್ತಿಕೊಳ್ಳುವ ಮೊದಲೇ, ಹಾಳೆ ಅಂಟಿರಲಿಲ್ಲ, ನಾನು ನಿನ್ನ ವಾದನ ಕೇಳುತ್ತಾ ಕೂತುಬಿಟ್ಟೆ ಎಂದು ಹೇಳುವುದೆಂದು ತೀರ್ಮಾನಿಸಿದ್ದೇನೆ. ಅವಳು ನನ್ನನ್ನು ಬಿಡಿಸಿ ಮೆಷಿನ್ ತರಿಸಿಕೊಂಡರೆ, ಭಾನುವಾರ ಟಿಕೆಟ್ ಕೊಂಡು ಮೂರನೇ ಸಾಲಿನಲ್ಲಿ ಕೂರುತ್ತೇನೆ. ಚಪ್ಪಾಳೆ ಅಕ್ಕನಿಗೆ, ತಾವು ತಪ್ಪು ತಿಳಿಯಬಾರದು.